ದಲಾಲನಿಗೆ ಮಾಡಿದ ಆಯಾರ

ನಮ್ಮ ದೇವರ ಗೂಡಿನ ಪಕ್ಕದ ಮೊಳೆಗೆ ಒಂದು ಹಿತ್ತಾಳೆಯ ಕೀಲಿಕೈ ತೂಗುತ್ತದೆ. ಸೋಮವಾರದ ಪೂಜೆ ಮುಗಿದ ಮೇಲೆ ಅದಕ್ಕೂ ಚೂರು ವಿಭೂತಿ ಹಚ್ಚುತ್ತೇನೆ. ಮಕ್ತಲದಲ್ಲಿ ನಾವು ಕೊಂಡ ಮನೆಯದು ಅದು. ನಾವಿರುವುದು ಮಾತ್ರ ಇನ್ನೂ ನಾರಾಯಣಪೇಟೆಯ ಈ ಬಾಡಿಗೆ ಮನೆಯಲ್ಲೇ.

ಆ ಮನೆ ತೋರಿಸಿದವನು ದಲಾಲ ಈರಣ್ಣ. ನಮ್ಮ ಕಡೆ ದಲಾಲನನ್ನು ಯಾರೂ ಕೂಲಿ ಮಾತಾಡಿ ಗೊತ್ತುಮಾಡಿಕೊಳ್ಳುವುದಿಲ್ಲ ನೋಡಿ. ಮೊದಲು ಚಹಾ ಕೊಡುತ್ತೇವೆ, ಆಮೇಲೆ ಊಟಕ್ಕೆ ಕೂಡಿಸುತ್ತೇವೆ, ಎಲೆ ಎತ್ತುವಷ್ಟರಲ್ಲಿ ಅವನು ಅಣ್ಣನಾಗಿರುತ್ತಾನೆ. ಅಣ್ಣನ ಮುಂದೆ ದಲಾಲಿಯ ಮಾತೆತ್ತುವುದು ಹೇಗೆ? ನಮ್ಮವರು ಸಂಕೋಚದಿಂದಲೇ ಕೇಳಿದಾಗ ಅವನು ನಕ್ಕುಬಿಟ್ಟ.

"ಮನಿ ಮಂದಿ ಕಡೆ ರೊಕ್ಕ ಇಸ್ಕೊಂಡು ಎಲ್ಲಿ ಹೊತ್ಕೊಂಡು ಹೋಗ್ಲಿರಿ? ಅಕ್ಕಾರು ಕೈಯೆತ್ತಿ ಏನ್ ಕೊಡ್ತಾರ, ಅದ ನನಗ ಪ್ರಸಾದ."

ನನಗೆ ಕಣ್ಣು ತುಂಬಿ ಬಂತು. ನೋಂದಣಿಯ ದಿನ ಅವನಿಗೊಂದು ಧೋತರ, ಅವನ ಹೆಂಡತಿಗೆ ನಮ್ಮ ಪೇಟೆಯ ಚೌಕಳಿ ಸೀರೆ ಇಟ್ಟು, ತವರಿನವರಿಗೆ ಮಾಡುವಂತೆ ಆಯಾರ ಮಾಡಿದೆ. ಮಾರುವವನಿಗೆ ಗದ್ವಾಲಕ್ಕೆ ಕೊಟ್ಟ ತಂಗಿಯೊಬ್ಬಳಿದ್ದಾಳೆಂದು ಕೇಳಿದ್ದೆ.

"ಆಕಿ ಸಹಿ ಬ್ಯಾಡೇನ್ರಿ ಅಣ್ಣಾ?"

"ಆಕಿ ಪಾಲು ಮದುವ್ಯಾಗ ಮುಗದೈತ್ರಿ. ನಾ ಇಲ್ಲೇನು?"

ಅಣ್ಣನ ಮಾತು, ಮತ್ತೆ ಕೇಳಲಿಲ್ಲ.

ಹೊಸ ಒಲೆಯ ಮೇಲೆ ಹಾಲುಕ್ಕಿಸುವ ಮೊದಲೇ ತಂಗಿ ತನ್ನ ಪಾಲಿಗಾಗಿ ಕೋರ್ಟಿಗೆ ಹೋದಳು. ತೀರ್ಪಾಗುವ ತನಕ ಯಾರೂ ಒಳಗೆ ಕಾಲಿಡುವಂತಿಲ್ಲ. ಈರಣ್ಣನ ಮನೆಗೆ ಓಡಿದೆವು. ಅವನು ದನಿಯೇರಿಸಲಿಲ್ಲ.

"ನೀವು ನನಗ ದಲಾಲಿ ಎಲ್ಲಿ ಕೊಟ್ಟೀರಿ ಅಕ್ಕಾರ? ಕೊಟ್ಟಾಂವ ಮಾರಿದಾಂವ. ನಾ ಅವನ ಕೆಲಸ ಮಾಡೀನಿ."

ಅವನ ಹೆಂಡತಿ ನಮ್ಮ ಚೌಕಳಿ ಸೀರೆ ಉಟ್ಟುಕೊಂಡೇ ಚಹಾ ತಂದಿಟ್ಟಳು.

ಕೂಲಿ ಕೊಡಬೇಕಾದಲ್ಲಿ ನಾವು ನಂಟು ಕೊಟ್ಟೆವು. ಕೂಲಿಗೆ ದುಡಿಯುವವನನ್ನು ನಿಲ್ಲಿಸಿ ಕೇಳಬಹುದು. ಪ್ರಸಾದವೆಂದು ಕಣ್ಣಿಗೊತ್ತಿಕೊಂಡವನನ್ನು ಏನೆಂದು ಕೇಳುವುದು? ದೇವರು ದೊಡ್ಡವನು: ಈ ಬಾಡಿಗೆ ಮನೆಯ ಸೂರು ಸೋರುವುದಿಲ್ಲ, ಯಜಮಾನಿ ಮನೆ ಬಿಡಿಸುವ ಮಾತೆತ್ತಿಲ್ಲ, ನಮ್ಮವರಿಗೆ ಈಚೆಗೆ ನಿದ್ದೆ ಹತ್ತುತ್ತದೆ.

ಕಳೆದ ಸಲ ಕೇಸಿನ ತಾರೀಖಿಗೆ ಹೋದಾಗ ಕೋರ್ಟಿನ ಬೇವಿನ ನೆರಳಲ್ಲಿ ಆ ತಂಗಿ ಪಕ್ಕಕ್ಕೆ ಬಂದು ಕೂತಳು. "ನಿಮ್ಮ ಮ್ಯಾಗ ಸಿಟ್ಟಿಲ್ರಿ ಅಕ್ಕಾ. ನಮ್ಮಪ್ಪ ಕಟ್ಟಿಸಿದ್ದು, ಬಿಡಾಕ ಆಗವಲ್ದು," ಎಂದು ನನ್ನ ಬಾಟಲಿಯ ನೀರನ್ನೇ ಕುಡಿದಳು.

ಮೊದಲೆಲ್ಲ ಕೀಲಿಕೈಗೆ ವಿಭೂತಿ ಹಚ್ಚುವಾಗ ಬಾಗಿಲು ತೆರೆಸಪ್ಪಾ ಎಂದು ಬೇಡುತ್ತಿದ್ದೆ. ಈಗ ಆಕೆ ಸೋಲಲಿ ಎನ್ನಲು ಬಾಯಿ ಬಾರದು, ಗೆಲ್ಲಲಿ ಎನ್ನುವಷ್ಟು ದೊಡ್ಡವಳೂ ನಾನಲ್ಲ. ವಿಭೂತಿ ಹಚ್ಚುತ್ತೇನೆ, ಏನನ್ನೂ ಬೇಡದೆ ಕೈ ಮುಗಿಯುತ್ತೇನೆ.