ಅರ್ಧ ಇಂಚಿನಿಂದ ಬಿದ್ದ ಬೋರ್ಡಕ್ಕ

ಬೋರ್ಡಕ್ಕನ ಅಂಗಡಿಗೆ ಮೊದಲ ಸಲ ಬಂದವರು ಗೋಡೆ ನೋಡಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅಲ್ಲಿ ಮೊಳೆ ಹೊಡೆದು, ತಂತಿ ಬಿಗಿದು, ಎರಡು ಕೈ ಎರಡು ಕಾಲು ನೇತುಹಾಕಿತ್ತು. ಗಾಬರಿಪಡುವಂಥದ್ದೇನಿಲ್ಲ, ಒಳಗೆ ಯಾರೂ ಇಲ್ಲ. ಬೋರ್ಡಕ್ಕ ಮೂಳೆ ಮುರಿದುಕೊಂಡಾಗಲೆಲ್ಲ ಹಾಕಿಸಿಕೊಂಡ ಪ್ಲಾಸ್ಟರುಗಳು ಅವು. ಬೇರೆಯವರಾದರೆ ಕತ್ತರಿಸಿದ ದಿನವೇ ಕಸದ ಡಬ್ಬಕ್ಕೆ ಎಸೆದು ಮರೆಯುತ್ತಾರೆ. ಅಂಗಡಿಗಳಿಗೆ ಬೋರ್ಡು ಬರೆದೇ ಬದುಕಿದವಳಿಗೆ ಬೆಳ್ಳಗೆ ನುಣ್ಣಗೆ ಖಾಲಿ ಕೂತ ಜಾಗ ಕಂಡರೆ ಕೈ ಸುಮ್ಮನಿರುತ್ತದೆಯೇ? ಮುರಿದ ಕೈ ಕೊರಳಿಗೆ ಜೋತುಬಿದ್ದಿದ್ದರೂ ಇನ್ನೊಂದರಲ್ಲಿ ಬ್ರಶ್ಶು ಹಿಡಿದು, ಕೆಂಪು ಅಕ್ಷರ, ಹಳದಿ ಅಂಚು, ಕಪ್ಪು ನೆರಳು ಕೊಟ್ಟು, ತಾನು ಬಿದ್ದ ಎತ್ತರವನ್ನು ತಾನೇ ಬರೆದುಕೊಳ್ಳುತ್ತಿದ್ದಳು. ಎಡಗಾಲಿನ ಮೇಲೆ ‘ಹದಿನೆಂಟು ಅಡಿ’. ಎಡಗೈ ಮೇಲೆ ‘ಹನ್ನೆರಡು ಅಡಿ’. ಬಲಗೈ ಮೇಲೆ ‘ಇಪ್ಪತ್ತು ಅಡಿ’. ಬಲಗಾಲಿನ ಮೇಲೆ ‘ಇಪ್ಪತ್ತೆರಡು ಅಡಿ’. ಬಲಗೈ ಮುರಿದಾಗ ಎಡಗೈಯಲ್ಲಿ ಬರೆದ ಅಕ್ಷರಗಳು ಅಂಕುಡೊಂಕಾಗಿದ್ದವು. ಅದೇ ಹೊಸ ಫ್ಯಾಷನ್ನು ಅಂದುಕೊಂಡು ಇಬ್ಬರು ಗಿರಾಕಿಗಳು ತಮ್ಮ ಬೋರ್ಡಿಗೂ ಹಾಗೇ ಬರೆಸಿಕೊಂಡು ಹೋದರು.

ಇದರಲ್ಲಿ ಮೊದಲ ಎರಡು ಸತ್ಯ. ಮದುವೆಗೆ ಮುಂಚೆ, ಇಪ್ಪತ್ಮೂರರ ಹುಡುಗಿಯಾಗಿದ್ದಾಗ, ಅವಳು ನಿಜಕ್ಕೂ ಹದಿನೆಂಟು ಅಡಿಯಿಂದ ಬಿದ್ದಿದ್ದಳು. ಮೂವತ್ತಾರರಲ್ಲಿ ಹನ್ನೆರಡು ಅಡಿಯಿಂದ ಬಿದ್ದದ್ದೂ ನಿಜ. ಅವತ್ತು ಏಣಿ ಹಿಡಿಯಬೇಕಾಗಿದ್ದ ಗಂಡ ಟರ್ಪೆಂಟೈನ್ ತರಲು ಐದು ನಿಮಿಷ ಆಚೆ ಹೋಗಿದ್ದ. ಆಮೇಲಿಂದ ಆತ ಏಣಿ ಬಿಟ್ಟು ಅಲುಗಾಡಿದ್ದಿಲ್ಲ. ಅವಳು ಮೇಲಿದ್ದಷ್ಟು ಹೊತ್ತೂ ನೀರು ಕುಡಿಯಲಿಲ್ಲ, ಯಾರು ಕರೆದರೂ ತಿರುಗಲಿಲ್ಲ, ಸೊಳ್ಳೆ ಕಚ್ಚಿದರೆ ಕಚ್ಚಿಸಿಕೊಂಡ. ಅವಳು ಬೀದಿಗೆಲ್ಲ ಅಕ್ಕನಾದ್ದರಿಂದ ಆತ ಭಾವನಾಗಿದ್ದ, ಬರಬರುತ್ತಾ ಏಣಿಭಾವನಾದ.

ಮುಂದಿನ ಎರಡು ಮಾತ್ರ ಶುದ್ಧ ಸುಳ್ಳು. ಐವತ್ನಾಲ್ಕರಲ್ಲಿ ಬಲಗೈ ಮಣಿಕಟ್ಟು ಮುರಿದದ್ದು ಮನೆ ಬಾಗಿಲಲ್ಲಿ, ಕಾಲೊರೆಸುವ ಚಾಪೆ ಎಡವಿ. ಚಾಪೆಯ ದಪ್ಪ ಅರ್ಧ ಇಂಚು. ಅರವತ್ತರಲ್ಲಿ ಬಲಗಾಲು ಮುರಿದದ್ದು ಫುಟ್‌ಪಾತಿನಿಂದ ರಸ್ತೆಗೆ ಕಾಲಿಡುವಾಗ, ಪಕ್ಕದ ಮನೆಯವಳ ಜೊತೆ ಮಾತಾಡುತ್ತಾ. ನಡುವೆ ಐವತ್ತೇಳರಲ್ಲಿ ಒಂದು ಪಕ್ಕೆಲುಬೂ ಹೋಗಿತ್ತು. ಅದು ಒಂದು ಸೀನಿಗೆ. ಆಕ್ಷೀ ಅಂದಳು, ಒಳಗೆ ಟಕ್ ಅಂದಿತು. ಪಕ್ಕೆಲುಬಿಗೆ ಪ್ಲಾಸ್ಟರ್ ಹಾಕುವುದಿಲ್ಲ ಎಂದು ತಿಳಿದಾಗ ಅವಳಿಗೆ ನೋವಿಗಿಂತ ಹೆಚ್ಚು ಬೇಜಾರಾದದ್ದು ಬರೆಯಲು ಜಾಗವಿಲ್ಲವಲ್ಲ ಎಂದು.

ಸುಳ್ಳು ಹೇಳಿದ್ದಕ್ಕೆ ಅವಳಲ್ಲಿ ಕಾರಣವಿತ್ತು. ಏಣಿಯಿಂದ ಬಿದ್ದವಳಿಗೆ ಜನ ಕೈಮುಗಿಯುತ್ತಾರೆ, ಚಾಪೆ ಮೇಲೆ ಬಿದ್ದವಳಿಗೆ ವಯಸ್ಸಾಯಿತು ಅನ್ನುತ್ತಾರೆ. ಬಾಗಿಲಲ್ಲೇ ಮುಗ್ಗರಿಸುವವಳನ್ನು ಎರಡನೇ ಮಹಡಿಗೆ ಯಾರು ಹತ್ತಿಸುತ್ತಾರೆ? ಅದಕ್ಕೇ ಚಾಪೆಗೆ ಇಪ್ಪತ್ತು ಅಡಿ, ಫುಟ್‌ಪಾತಿಗೆ ಇಪ್ಪತ್ತೆರಡು. ಹೇಳಿ ಹೇಳಿ ಅವಳಿಗೇ ಅದು ನಿಜವಾಗಿಬಿಟ್ಟಿತ್ತು. ಏಣಿಭಾವನಿಗೆ ಎಲ್ಲ ಗೊತ್ತಿತ್ತು, ಆದರೆ ಆತ ತುಟಿ ಪಿಟಕ್ಕೆನ್ನಲಿಲ್ಲ. ಮಗಳಿಗೂ ಗೊತ್ತಾಗಲಿಲ್ಲ. ಜೊತೆಗೆ ಬೋರ್ಡಕ್ಕ ಒಂದು ಸಿದ್ಧಾಂತವನ್ನೂ ಕಟ್ಟಿಕೊಂಡಿದ್ದಳು. "ಮುರಿದು ಕೂಡಿದ ಮೂಳೆ ಮೊದಲಿಗಿಂತ ಗಟ್ಟಿ ಕಣ್ರೀ. ನನ್ನ ಮೈಯಲ್ಲಿ ಈಗ ಐದು ಕಡೆ ವೆಲ್ಡಿಂಗ್ ಆಗಿದೆ!"

ಹೀಗೆ ಅರವತ್ತೊಂದನೇ ವಯಸ್ಸಿನಲ್ಲಿ ಅವಳಿಗೆ ಬ್ರೆಡ್ಡು ಕಾರ್ಖಾನೆಯ ಗೋಡೆ ಸಿಕ್ಕಿತು. ಅದು ಬರೀ ಗೋಡೆಯಲ್ಲ, ಮೂರು ಮಹಡಿ ಎತ್ತರದ ಗೋಡೆ. ಅದರ ತುದಿಯಲ್ಲಿ ಐದು ಅಕ್ಷರ, ಒಂದೊಂದೂ ಆಳೆತ್ತರ. ಬಸ್ಸಿನಿಂದ ನೋಡಿದರೂ ಕಾಣಬೇಕು, ರೈಲಿನಿಂದ ನೋಡಿದರೂ ಕಾಣಬೇಕು. ಮೂವತ್ತೆಂಟು ವರ್ಷದ ಕಸುಬಿನಲ್ಲಿ ಅಷ್ಟು ದೊಡ್ಡ ಅಕ್ಷರ ಬರೆದಿರಲಿಲ್ಲ. ಸುದ್ದಿ ಬಂದ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ. ಅಡುಗೆಮನೆಯಲ್ಲಿ ಕುಣಿದಳು, ಸೌಟು ಹಿಡಿದು ಗಾಳಿಯಲ್ಲಿ ಅಕ್ಷರ ಬರೆದಳು.

"ಮೇಲಿಂದು ನಾನು ಬರೀತೀನಿ. ಕೆಳಗಿನ ಫೋನ್ ನಂಬರು ನಿಂದು" ಎಂದಳು ಮಗಳಿಗೆ.

"ಹತ್ತು ವರ್ಷದಿಂದ ಫೋನ್ ನಂಬರೇ ಬರೀತಿದೀನಮ್ಮ. ಊರವರ ನಂಬರೆಲ್ಲ ನಂಗೆ ಬಾಯಿಪಾಠ. ಒಂದು ಸಲನಾದ್ರೂ ಹೆಸರು ಬರೀತೀನಿ" ಎಂದಳು ಮೂವತ್ತು ದಾಟಿದ ಮಗಳು.

"ಬರೀವಂತೆ, ಬರೀವಂತೆ. ನಾನು ಸತ್ತ ಮೇಲೆ."

ಕಾರ್ಖಾನೆಯವರದ್ದು ಒಂದೇ ಒಂದು ಷರತ್ತು. ಅರವತ್ತು ದಾಟಿದವರು ಏಣಿ ಹತ್ತಬೇಕಾದರೆ ಡಾಕ್ಟರ ಚೀಟಿ ಬೇಕು. ಅದಕ್ಕೇನಂತೆ ಎಂದು ಬೋರ್ಡಕ್ಕ ಗಂಡನನ್ನೂ ಮಗಳನ್ನೂ ಕಟ್ಟಿಕೊಂಡು ಮೂಳೆ ಡಾಕ್ಟರ ಹತ್ತಿರ ಹೊರಟಳು. ಬಲಗೈ ಪ್ಲಾಸ್ಟರನ್ನೂ ಚೀಲದಲ್ಲಿ ಹಾಕಿಕೊಂಡಳು, ಪ್ರಶಸ್ತಿ ಪತ್ರದ ಹಾಗೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಣ್ಣು ನೋಡಿದರು, ಬಿಪಿ ನೋಡಿದರು, ಒಂಟಿ ಕಾಲಲ್ಲಿ ನಿಲ್ಲಿಸಿದರು. ಬೋರ್ಡಕ್ಕ ಕೇಳದಿದ್ದರೂ ಇನ್ನೊಂದು ಕಾಲಲ್ಲೂ ನಿಂತು ತೋರಿಸಿದಳು.

"ಐವತ್ತಾದ ಮೇಲೆ ಮೂಳೆ ಏನಾದ್ರೂ ಮುರಿದಿತ್ತಾ?"

"ಮೂರು ಸಲ!" ಎಂದು ಬೋರ್ಡಕ್ಕ ಚೀಲದಿಂದ ಕೈ ತೆಗೆದು ಮೇಜಿನ ಮೇಲಿಟ್ಟಳು. "ಇದು ಇಪ್ಪತ್ತು ಅಡಿ. ಕಾಲು ಇಪ್ಪತ್ತೆರಡು. ಪಕ್ಕೆಲುಬು ಹದಿನೈದು, ಸಾರುವೆಯಿಂದ ಕಬ್ಬಿಣದ ಸರಳಿನ ಮೇಲೆ ಬಿದ್ದಿದ್ದು."

ಏಣಿಭಾವ ಕೆಮ್ಮಿದ.

ಡಾಕ್ಟರಮ್ಮ ಪ್ಲಾಸ್ಟರನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕರು. "ಇಪ್ಪತ್ತು ಅಡಿಯಿಂದ ಬಿದ್ರೆ ನನ್ನ ಮೂಳೆನೂ ಮುರಿಯುತ್ತೆ ಬಿಡಿ. ನಂಗೆ ಭಯ ಆಗೋದು ನಿಂತಲ್ಲೇ ಬಿದ್ದು ಮುರ್ಕೊಂಡು ಬರೋರನ್ನ ನೋಡಿದ್ರೆ. ಸಣ್ಣ ಪೆಟ್ಟಿಗೆ ಒಂದು ಸಲ ಮುರೀತು ಅಂದ್ರೆ ಒಳಗೆ ಟೊಳ್ಳಾಗ್ತಾ ಇದೆ ಅಂತ ಅರ್ಥ. ಅಂಥೋರಿಗೆ ಇನ್ನೊಂದು ಸಲ ಮುರಿಯೋ ಸಂಭವ ಜಾಸ್ತಿ. ಮುಂದಿನದು ಸೊಂಟ ಆದ್ರೆ ಎಷ್ಟೋ ಜನ ಮತ್ತೆ ಮೊದಲಿನ ಹಾಗೆ ನಡೆಯೋದೇ ಇಲ್ಲ. ನಿಮ್ಮದು ಹಾಗಲ್ಲ, ನಿಮ್ಮದು ಧೈರ್ಯ ಜಾಸ್ತಿಯಾಗಿ ಮುರಿದಿದ್ದು." ಹಾಗೆಂದು ಚೀಟಿ ಬರೆದು, ಬಿಡುವಾದಾಗ ಮೂಳೆಯ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಿ ಕಳಿಸಿದರು.

ಹೊರಗಿನ ಬೆಂಚಿನ ಮೇಲೆ ಕೂತು ಬೋರ್ಡಕ್ಕ ಚೀಟಿಯನ್ನು ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಂಡಳು. "ಧೈರ್ಯ ಜಾಸ್ತಿ ಅಂತೆ! ಕೇಳಿದ್ರಾ? ಸೋಮವಾರ ಬೆಳಿಗ್ಗೆ ಆರಕ್ಕೇ ಏಣಿ ನಿಲ್ಲಿಸಿಬಿಡಿ."

"ಸೋಮವಾರ ನಾನು ಏಣಿ ಹಿಡಿಯಲ್ಲ" ಎಂದ ಏಣಿಭಾವ.

ಅವನು ಒಲ್ಲೆ ಅಂದದ್ದನ್ನು ಅವಳು ಅವತ್ತಿನವರೆಗೆ ಕೇಳಿಯೇ ಇರಲಿಲ್ಲ. "ಯಾಕ್ರೀ?"

"ಚಾಪೆ" ಎಂದ ಆತ.

"ಯಾವ ಚಾಪೆ?" ಎಂದಳು ಮಗಳು.

"ಸೀನು" ಎಂದ. ಒಂದು ಸಲ ಉಸಿರೆಳೆದುಕೊಂಡು, "ಫುಟ್‌ಪಾತು" ಎಂದ.

ಮಗಳು ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಅಮ್ಮನ ಕೈಯಲ್ಲಿದ್ದ ಇಪ್ಪತ್ತು ಅಡಿಯನ್ನು ನೋಡಿದಳು. "ಅಮ್ಮಾ, ಇದು ಚಾಪೇನಾ?"

ಬೋರ್ಡಕ್ಕ ಗಂಡನ ಮೇಲೆ ರೇಗಲು ಬಾಯಿ ತೆರೆದಳು. ಆದರೆ ಬಾಯಿಂದ ಬಂದದ್ದು ನಗು. ಮೊದಲು ಮೂಗಿನಲ್ಲಿ ಬಂತು, ತಡೆದಳು. ಆಮೇಲೆ ಹೊಟ್ಟೆಯಿಂದ ಬಂತು, ತಡೆಯಲಾಗಲಿಲ್ಲ. ಅರ್ಧ ಇಂಚಿನ ಚಾಪೆಗೆ ಹಳದಿ ಅಂಚು, ಕಪ್ಪು ನೆರಳು! ಪಕ್ಕೆಲುಬು ಹಿಡಿದುಕೊಂಡು ನಕ್ಕಳು. "ಮೆಲ್ಲಗೆ ನಗೇ, ಮತ್ತೆ ಮುರಿದೀತು" ಎಂದು ಏಣಿಭಾವ ಬೆದರಿ ಹಿಡಿದುಕೊಂಡ. ಅದಕ್ಕೆ ಇನ್ನೂ ಜೋರು ನಗು ಬಂತು. ನಗುತ್ತಾ ನಗುತ್ತಾ ನೋಡಿದಳು, ಗಂಡ ಅವಳನ್ನು ಏಣಿ ಹಿಡಿದ ಹಾಗೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ. ನಗು ನಿಂತಿತು. ಎದ್ದು ಸೀದಾ ಒಳಗೆ ಹೋದಳು. ಅಲ್ಲಿ ಮೊಣಕಾಲು ತೋರಿಸುತ್ತಿದ್ದ ಮುದುಕರೊಬ್ಬರು ಪಂಚೆ ಸರಿಮಾಡಿಕೊಂಡರು.

"ಡಾಕ್ಟರಮ್ಮ, ಇದು ಚಾಪೆ" ಎಂದು ಚೀಟಿಯನ್ನೂ ಪ್ಲಾಸ್ಟರನ್ನೂ ಮೇಜಿನ ಮೇಲಿಟ್ಟಳು. "ಪಕ್ಕೆಲುಬು ಸೀನು. ಕಾಲು ಫುಟ್‌ಪಾತು. ಬೈಯೋದಿದ್ರೆ ಬೈದುಬಿಡಿ."

ಡಾಕ್ಟರಮ್ಮ ಬೈಯಲಿಲ್ಲ. ಮೊದಲು ಚೀಟಿ ಹರಿದರು, ಆಮೇಲೆ ನಕ್ಕರು. ಮುದುಕರೂ ಮೊಣಕಾಲಿನ ನೋವು ಮರೆತು ನಕ್ಕರು.

ಪರೀಕ್ಷೆಯ ಯಂತ್ರ ಅವಳ ಸೊಂಟ, ಬೆನ್ನಿನ ಮೇಲೆ ಮೆಲ್ಲಗೆ ಓಡಾಡಿ ಒಂದು ಚಿತ್ರ ಬರೆದುಕೊಟ್ಟಿತು. ಹಸಿರು ಪಟ್ಟಿ, ಹಳದಿ ಪಟ್ಟಿ, ಕೆಂಪು ಪಟ್ಟಿ. ಅವಳ ಚುಕ್ಕಿ ಕೆಂಪಿನಲ್ಲಿತ್ತು.

"ಎಷ್ಟು ಚೆಂದದ ಕೆಂಪು" ಎಂದಳು ಬೋರ್ಡಕ್ಕ.

"ಕೆಂಪು ಅಂದ್ರೆ ಒಳ್ಳೇದಲ್ಲ."

"ಅಷ್ಟು ಗೊತ್ತಾಗುತ್ತೆ. ಆದ್ರೂ ಕೆಂಪು ಚೆಂದ ಇದೆ."

ವಾರಕ್ಕೊಂದು ಮಾತ್ರೆ ಕೊಟ್ಟರು. ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ನುಂಗಿದ ಮೇಲೆ ಅರ್ಧ ಗಂಟೆ ಮಲಗಕೂಡದು. ವೆಲ್ಡಿಂಗ್ ಸಿದ್ಧಾಂತವನ್ನು ಮರೆಯಬೇಕು. ದಿನಾ ನಡೆಯಬೇಕು. ಏಣಿ ಮಾತ್ರ ಇನ್ನು ಹತ್ತುವಂತಿಲ್ಲ. ಆ ಕೊನೆಯ ಮಾತು ಕೇಳಿ ಅವಳಿಗೆ ಅಳು ಬಂತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ತಾನೇ ಬರೆದ ಬೋರ್ಡುಗಳು ಒಂದೊಂದಾಗಿ ಹಿಂದೆ ಹೋಗುವುದನ್ನು ನೋಡುತ್ತಾ ಅತ್ತಳು. ಮೂರನೇ ಸ್ಟಾಪಿನಲ್ಲಿ ಮೂಗು ಒರೆಸಿಕೊಂಡು ಮಗಳ ಕಡೆ ತಿರುಗಿದಳು. "ನೋಡು, ಸಾಯೋವರೆಗೆ ಕಾಯೋದು ಬೇಡ. ಹೆಸರು ನೀನು ಬರಿ. ಫೋನ್ ನಂಬರು ನಂಗೆ ಕೊಡು." ಮಗಳು ತುಂಬಿದ ಬಸ್ಸಿನಲ್ಲೇ ಅಮ್ಮನನ್ನು ತಬ್ಬಿಕೊಳ್ಳಹೋಗಿ, ಮೂಳೆಯ ನೆನಪಾಗಿ ಕೈ ಸಡಿಲ ಮಾಡಿದಳು.

ಅವತ್ತು ಸಂಜೆ ಏಣಿಭಾವ ಮನೆಯ ಚಾಪೆಗಳನ್ನೆಲ್ಲ ಸುತ್ತಿ ಹೊರಗೆ ಹಾಕಿದ. ಬೋರ್ಡಕ್ಕ ಗೋಡೆಯಿಂದ ಬಲಗಾಲನ್ನು ಇಳಿಸಿಕೊಂಡು, ಚೀಲದಿಂದ ಬಲಗೈ ತೆಗೆದು, ಹಳೆಯ ಅಕ್ಷರಗಳ ಮೇಲೆ ಬಿಳಿ ಬಳಿದಳು. ಒಂದರ ಮೇಲೆ ‘ಅರ್ಧ ಇಂಚು, ಚಾಪೆ’ ಎಂದು ಬರೆದಳು. ಇನ್ನೊಂದರ ಮೇಲೆ ‘ಆರು ಇಂಚು, ಹರಟೆ’. ಅಂಚು, ನೆರಳು ಎಲ್ಲ ಮೊದಲಿಗಿಂತ ಒಂದು ಕೈ ಹೆಚ್ಚೇ. ನೋಡಲು ಬೀದಿಯೇ ಬಂತು. ನಕ್ಕು ಸುಸ್ತಾದ ಮೇಲೆ ಹಾಲಿನಂಗಡಿಯ ಹೆಂಗಸು ಮೆಲ್ಲಗೆ ತನ್ನ ಮಣಿಕಟ್ಟು ಮುಂದೆ ಹಿಡಿದಳು. "ಅಕ್ಕಾ, ನಂದು ಹೋದ ವರ್ಷ ಬಚ್ಚಲಲ್ಲಿ ಕೂತಲ್ಲೇ ಜಾರಿ..." ಬೋರ್ಡಕ್ಕ ಅವಳ ಕೈಗೆ ಡಾಕ್ಟರ ವಿಳಾಸ ಬರೆದುಕೊಟ್ಟಳು. ಮುಂದಿನ ಸಲ ಡಾಕ್ಟರಮ್ಮ ಆ ಚಾಪೆಯ ಕೈಯನ್ನು ತಮ್ಮ ಗೋಡೆಗೆ ಕೇಳಿದಾಗ, "ಇದು ಕೊಡಲ್ಲ, ಹೊಸದು ಮುರ್ಕೊಂಡಾಗ ತಂದ್ಕೊಡ್ತೀನಿ" ಅಂದುಬಿಟ್ಟು, ಗಂಡ ಕಣ್ಣು ಬಿಟ್ಟಿದ್ದು ನೋಡಿ ನಾಲಿಗೆ ಕಚ್ಚಿಕೊಂಡಳು.

ಹೇಳಿದ ಸೋಮವಾರವೇ ಬೆಳಿಗ್ಗೆ ಆರಕ್ಕೆ ಬ್ರೆಡ್ಡು ಕಾರ್ಖಾನೆಯ ಗೋಡೆಗೆ ಏಣಿ ನಿಂತಿತು. ಬೋರ್ಡಕ್ಕ ಅಲ್ಲೇ ಮಾತ್ರೆ ನುಂಗಿದಳು. ಹೇಗೂ ಅರ್ಧ ಗಂಟೆ ಮಲಗುವಂತಿಲ್ಲವಲ್ಲ, ಏಣಿ ಹಿಡಿಯುತ್ತೇನೆ ಎಂದಳು. ಏಣಿಭಾವ ಎಡಗಡೆ, ಅವಳು ಬಲಗಡೆ. ಮಗಳು ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಬಣ್ಣದ ಡಬ್ಬ ನೇತುಹಾಕಿಕೊಂಡು, ಅಳಿಲಿನ ಹಾಗೆ ಹತ್ತಿದಳು. ಮೊದಲ ಮಹಡಿ ದಾಟಿದಳು. ಎರಡನೆಯದು ದಾಟಿದಳು. ಬೋರ್ಡಕ್ಕನಿಗೆ ಮಗಳ ಎರಡು ಅಂಗಾಲು ಮಾತ್ರ ಕಾಣುತ್ತಿದ್ದವು. ಒಂದು ಅಂಗಾಲು ಒಂದು ಕ್ಷಣ ಗಾಳಿಯಲ್ಲಿ ಮೆಟ್ಟಿಲು ಹುಡುಕಿತು. ಬೋರ್ಡಕ್ಕನ ಬಾಯಿ ಒಣಗಿತು, ಬೆರಳುಗಳು ಏಣಿಗೆ ಅಂಟಿಹೋದವು. ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ.

"ರೀ" ಎಂದಳು ಪಿಸುಮಾತಿನಲ್ಲಿ. "ಮೂವತ್ತೇಳು ವರ್ಷನೂ ನಿಮಗೆ ಹೀಗೇ ಆಗ್ತಿತ್ತಾ?"

"ಹೂಂ."

"ಒಂದು ದಿನನೂ ಬಾಯಿಬಿಟ್ಟು ಹೇಳ್ಲಿಲ್ವಲ್ರೀ."

"ಹೇಳಿದ್ರೆ ನೀನು ಕೆಳಗೆ ನೋಡ್ತಿದ್ದೆ."

ಮೇಲಿನಿಂದ ಮಗಳ ದನಿ ಬಂತು, ಖುಷಿಗೆ ಕೀರಲಾಗಿತ್ತು. "ಅಮ್ಮಾ, ಮೊದಲನೇ ಅಕ್ಷರ ಮುಗೀತು! ಹೇಗಿದೆ ನೋಡು!"

ಬೋರ್ಡಕ್ಕ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಪಕ್ಕದಲ್ಲಿ ಏಣಿಭಾವನೂ ಮುಚ್ಚಿಕೊಂಡಿದ್ದ.

"ಚೆನ್ನಾಗಿದೆ ಕಣೇ! ತುಂಬಾ ಚೆನ್ನಾಗಿದೆ!" ಎಂದು ಅವಳು ಇಡೀ ಕಾರ್ಖಾನೆಗೆ ಕೇಳುವ ಹಾಗೆ ಕೂಗಿದಳು. "ನೀನು ಕೆಳಗೆ ನೋಡ್ಬೇಡ!"