ಅಟ್ಟದ ಪರೀಕ್ಷೆ

ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೇತುವೆಯ ಪಾಠ ಹೇಳುವ ಪ್ರೊಫೆಸರ್ ದುರುಗಪ್ಪನವರು ಕೂಡ್ಲಿಗಿಯಲ್ಲಿ ಬಸ್ಸಿಳಿದರೆಂದರೆ ಸುತ್ತ ಎಲ್ಲೋ ಬಯಲಾಟವಿದೆ ಎಂದೇ ಅರ್ಥ. ಆಟಕ್ಕಿಂತ ಮೊದಲು ಅವರಿಗೆ ಅಟ್ಟದ, ಅಂದರೆ ಕಂಬ ನೆಟ್ಟು ಹಲಗೆ ಹಾಸಿದ ರಂಗದ ಚಿಂತೆ. ಕಂಬ ತಟ್ಟಿ, ಹಲಗೆಗೆ ಕಿವಿಯಿಟ್ಟು, "ಭೀಮನ ತೂಕ ಎಷ್ಟ್ರಿ? ಗದಿ ಸೇರಿಸಿ ಹೇಳ್ರಿ" ಎನ್ನುವರು. ಕೊನೆಗೆ ಚಪ್ಪಲಿ ಬಿಟ್ಟು ಹತ್ತಿ ತಾವೇ ಕುಣಿದು ನೋಡುವರು. ಪರೀಕ್ಷೆಗೆ ನಾಲ್ಕು ಹೆಜ್ಜೆ ಸಾಕು. ಇವರದು ಅರ್ಧ ಗಂಟೆ. ಎಪ್ಪತ್ತೆಂಟನೆಯ ಇಸವಿಯಲ್ಲಿ ಅವರದೇ ಊರಿನಲ್ಲಿ ಮದ್ದಲೆಯ ಕರಿಸಿದ್ದಪ್ಪ ರೇಗಿಯೇಬಿಟ್ಟ: "ಗಟ್ಟಿ ಐತಿ, ಇಳೀರಿ ಸಾರ್. ಭೀಮ ಕಾಯಾಕ ಹತ್ಯಾನ." ದುರುಗಪ್ಪನವರು ಏದುಸಿರು ಬಿಡುತ್ತಲೇ ಹೇಳಿದರು: "ತಡೀಪಾ. ಈ ಅಟ್ಟದ ಕಂಬಕ್ಕ ನಮ್ಮಪ್ಪ ಮೂವತ್ತು ವರ್ಷ ತಗ್ಗು ತೋಡ್ಯಾನ. ಕೆಳಗಿನ ಕೇರಿಯವ ಅಂತ ಊರವರು ಒಂದಿನಾನೂ ಅವನ್ನ ಮ್ಯಾಲೆ ಹತ್ತಗೊಟ್ಟಿಲ್ಲ. ಅವನ ಪಾಲಿಂದೂ ಕುಣೀಬೇಕಲ್ಲ?" ಕರಿಸಿದ್ದಪ್ಪ ಮದ್ದಲೆಯನ್ನು ತೊಡೆಗೆ ಎಳೆದುಕೊಂಡ.