ಚಾಚಾ ಕಲಿಸಿದ ಒರಗು ಸೈಕಲ್

ಕುರ್ಚಿಯಲ್ಲಿ ಕೂತಾಗಲೂ ಅವರ ಎಡಗಾಲು ಕ್ಲಚ್ ಒತ್ತುತ್ತಲೇ ಇರುತ್ತಿತ್ತು. ಉಗರಗೋಳದಲ್ಲಿ ನಮ್ಮ ಪಕ್ಕದ ಮನೆಯ ಚಾಚಾ ಬದುಕಿಡೀ ಲಾರಿ ಓಡಿಸಿದವರು. ಸೊಂಟ ಸವೆದು ಸ್ಟೀರಿಂಗ್ ಬಿಟ್ಟ ಮೇಲೂ ಅವರಿಗೆ ಒಂದೆಡೆ ನಿಲ್ಲಲು ಬರಲಿಲ್ಲ. ಚಹಾವನ್ನೂ ಅಂಗಳದಲ್ಲಿ ತಿರುಗಾಡುತ್ತಲೇ ಕುಡಿಯುತ್ತಿದ್ದರು. "ಕುಂತರ ಕಬ್ಬಿಣಕ್ಕೂ ಜಂಗ್ ಹಿಡಿತೈತಿ," ಎನ್ನುತ್ತಿದ್ದರು.

ಮೊಬೈಲಿನಲ್ಲಿ ಯಾರೋ ಒರಗಿಕೊಂಡು ಸೈಕಲ್ ಹೊಡೆಯುವುದನ್ನು ನೋಡಿ, ಎರಡು ಹಳೆಯ ಸೈಕಲ್ ಕತ್ತರಿಸಿ, ವೆಲ್ಡಿಂಗ್ ಅಂಗಡಿಯವನ ಬೆನ್ನುಬಿದ್ದು ಅಂಥದೊಂದನ್ನು ಮಾಡಿಸಿದರು. ಆರಾಮ ಕುರ್ಚಿಯಂಥ ಸೀಟು. ಪೆಡಲು, ಚೈನು ಎಲ್ಲ ಮುಂದಿನ ಗಾಲಿಗೇ; ಗಾಲಿ ಹೊರಳಿದತ್ತ ಪೆಡಲೂ ಹೊರಳುತ್ತಿತ್ತು. ಅದೇ ವರ್ಷ ಬೆನ್ನಿನ ಆಪರೇಷನ್ ಆಗಿ ನಾನು ಮನೆ ಹಿಡಿದಿದ್ದೆ. ಮಾಮೂಲಿ ಸೈಕಲ್ ಏರುವಂತಿರಲಿಲ್ಲ. ಹೊರಗೆ ಹೋಗಲೂ ಭಯ. ಒಂದು ಬೆಳಿಗ್ಗೆ ಚಾಚಾ ಬಾಗಿಲಿಗೆ ಬಂದು, "ಬೇಟಿ, ಗ್ವಾಡಿ ನೋಡಿದ್ದು ಸಾಕ. ಬಾ," ಎಂದರು.

ಶಾಲೆಯ ಬಯಲಿನಲ್ಲಿ ಕಲಿಕೆ. ಬಲಗಾಲು ಒತ್ತಿದರೆ ಗಾಲಿ ಎಡಕ್ಕೆ, ಎಡಗಾಲು ಒತ್ತಿದರೆ ಬಲಕ್ಕೆ. ಹ್ಯಾಂಡಲ್ ಬಿಗಿ ಹಿಡಿದಷ್ಟೂ ಬೀಳುತ್ತಿದ್ದೆ. ಚಾಚಾ ಪಕ್ಕದಲ್ಲೇ ಏದುಸಿರು ಬಿಡುತ್ತ ಬರುತ್ತಿದ್ದರು.

"ಕೈಲೆ ಜಗಳಾಡಬ್ಯಾಡ. ಕಾಲಿಗೆ ಬಿಡ, ಅದು ದಾರಿ ಹಿಡಿತೈತಿ."

"ನನಗಿದು ಬರೂದಿಲ್ಲ ಚಾಚಾ," ಎಂದು ಮಣ್ಣಿನಲ್ಲಿ ಕೂತು ಅತ್ತದ್ದೂ ಉಂಟು. ಅವರು ಸೈಕಲ್ ಎತ್ತಿ ಹಿಡಿದು, ನಾನು ಏಳುವ ತನಕ ಚಡಪಡಿಸುತ್ತ ನಿಂತರು. ಕೊನೆಗೊಮ್ಮೆ ಬೀಳದೆ ಬಯಲು ಸುತ್ತಿ ಬಂದೆ. ಆದರೂ ರಸ್ತೆಗಿಳಿಯುವ ಧೈರ್ಯ ಬರಲಿಲ್ಲ.

ಆಮೇಲೆ ಎದೆನೋವೆಂದು ಅವರನ್ನು ಸವದತ್ತಿಯ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೊರಟವಳು ಬಸ್ಸಿಗೆ ಕಾದು ಕಾದು, ತಡೆಯಲಾರದೆ ಅವರ ಮನೆಯಿಂದ ಸೈಕಲ್ ತೆಗೆದೆ. ಟ್ರ್ಯಾಕ್ಟರುಗಳು ಮೈಗೆ ತಾಗುವಷ್ಟು ಹತ್ತಿರ ಹಾದವು. ಆದರೂ ಇಳಿಯಲಿಲ್ಲ.

ಮೂಗಿಗೆ ಆಕ್ಸಿಜನ್ ಹಾಕಿಕೊಂಡು ಮಲಗಿದ್ದ ಚಾಚಾ, ಧೂಳು ಮೆತ್ತಿದ ನನ್ನ ಬಟ್ಟೆ ನೋಡಿ ಸೈಕಲ್ ಮೇಲೆ ಬಂದೆನೆಂದು ತಿಳಿದುಕೊಂಡರು.

"ಏರಿನ್ಯಾಗ ಮುಂದಿನ ಗಾಲಿ ಜಾರಿತೇನ?"

"ಜಾರಿತ್ರಿ ಚಾಚಾ."

"ಒರಗಿದ್ರ ಹಂಗ ಆಕ್ಕೈತಿ. ಏರ ಬಂತಂದ್ರ ಮುಂದ ಬಾಗಬೇಕ. ಮನಿಗೆ ಬಂದಮ್ಯಾಲೆ ತೋರಸ್ತೇನಿ."

ಎರಡು ದಿನಕ್ಕೆ ಮನೆಗೆ ಬಂದದ್ದು ಬಿಳಿ ಬಟ್ಟೆ ಹೊದಿಸಿದ ಅವರ ಮಯ್ಯತ್.

ಈಗ ನಾನು ಒಬ್ಬಳೇ ನವಿಲುತೀರ್ಥದ ಅಣೆಕಟ್ಟಿನ ತನಕ ಹೋಗಿಬರುತ್ತೇನೆ. ಏರಿನಲ್ಲಿ ಬಾಗುವುದನ್ನು ಬಿದ್ದು ಎದ್ದು ಕಲಿತೆ. ಸರಿಯಾಗಿ ಬಾಗುತ್ತಿರುವೆನೋ ಇಲ್ಲವೋ, ಹೇಳಬೇಕಾದವರು ಅವರೇ.